ಮೊದಲ ನೀರು

"ನಿನ್ನ ಮಗಳು ಉಚ್ಚೆ ಹೊಯ್ಯದಿದ್ರೆ ಅದಕ್ಕೂ ಫ್ಯಾಕ್ಟರೀನೇ ಜವಾಬ್ದಾರೀನಾ? ಗಂಡ ಸತ್ತಿದ್ದು ನಮ್ಮಿಂದ, ಮಗಳು ಊದ್ಕೊಂಡಿದ್ದು ನಮ್ಮಿಂದ. ನಾಳೆ ನಿಂಗೆ ನಿದ್ದೆ ಬರ್ಲಿಲ್ಲ ಅಂತಾನೂ ಕೋರ್ಟಿಗೆ ಹೋಗ್ತೀಯೇನೇ?"

ಮ್ಯಾನೇಜರ್ ಹೀಗೆ ಕೂಗಿದಾಗ ನಾನು ಸುಣ್ಣದ ತೊಟ್ಟಿಯಲ್ಲಿ ಮೊಣಕಾಲುದ್ದ ನಿಂತಿದ್ದೆ. ಕೈಯಲ್ಲಿ ನೆನೆದ ಚರ್ಮ. ನೆನೆದ ಚರ್ಮವೆಂದರೆ ನಿದ್ದೆ ಹೋದ ಮನುಷ್ಯನನ್ನು ಎತ್ತಿದ ಹಾಗೆ, ಅಷ್ಟು ಭಾರ. ಅದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಎರಡೂ ಕೈ ಆ ಬೋಳಿಮಗನ ಕುತ್ತಿಗೆಗೆ ಹೋಗುತ್ತಿದ್ದವು.

ಅವನ ಕುತ್ತಿಗೆಯಲ್ಲಿ ಸದಾ ಒಂದು ಸೀಟಿ ನೇತಾಡುತ್ತದೆ. ನಮ್ಮನ್ನು ಹೆಸರು ಹಿಡಿದು ಕರೆದವನಲ್ಲ, ಸೀಟಿ ಊದುತ್ತಾನೆ. ಅದಕ್ಕೇ ನಾವೂ ಅವನಿಗೆ ಸೀಟಿ ಎನ್ನುತ್ತೇವೆ. ಅವನು ಹಾಗೆ ಹಾರಾಡುತ್ತಿದ್ದುದಕ್ಕೆ ಕಾರಣವಿತ್ತು. ನಮ್ಮ ಲೈನಿನ ನಲ್ಲಿ ನೀರನ್ನು ಪರೀಕ್ಷೆ ಮಾಡಿಸಿ ಎಂದು ಕೋರ್ಟು ಹೇಳಿತ್ತು. ಅರ್ಜಿಯಲ್ಲಿ ಹೆಬ್ಬೆಟ್ಟು ಒತ್ತಿದವಳು ನಾನು.

ಚರ್ಮ ಹದ ಮಾಡುವ ಈ ಕಾರ್ಖಾನೆಯ ಹಿಂಗೋಡೆಗೆ ಆತುಕೊಂಡೇ ನಮ್ಮ ಲೈನ್ ಮನೆಗಳಿವೆ. ಒಂದೊಂದು ಕೋಣೆ, ಒಂದೊಂದು ಬಾಗಿಲು, ಎಲ್ಲರಿಗೂ ಸೇರಿ ಒಂದು ನಲ್ಲಿ. ತೊಟ್ಟಿಗಳನ್ನು ಖಾಲಿ ಮಾಡುವ ಚರಂಡಿಯೊಳಗೇ ಆ ನಲ್ಲಿಯ ಪೈಪು ಹಾದು ಬರುತ್ತದೆ. ಪೈಪು ತೂತು. ನೀರು ನಿಂತಿರುವ ಹೊತ್ತೆಲ್ಲ ಅದು ಚರಂಡಿಯನ್ನು ಹೀರುತ್ತಿರುತ್ತದೆ. ಬೆಳಿಗ್ಗೆ ನೀರು ಬಿಟ್ಟಾಗ ನಲ್ಲಿ ಮೊದಲು ಕೆಮ್ಮುತ್ತದೆ, ಆಮೇಲೆ ಹಳದಿ ನೀರು ಉಗುಳುತ್ತದೆ. ಒಂದಷ್ಟು ಕೊಡ ಹೋದ ಮೇಲೆ ತಿಳಿಯಾಗುತ್ತದೆ. ಆ ಹಳದಿಗೆ ನಾವು ಮೊದಲ ನೀರು ಅನ್ನುತ್ತೇವೆ. ನಾನು ಸೊಸೆಯಾಗಿ ಬಂದ ಮಾರನೆಯ ದಿನವೇ ಅತ್ತೆ ಹೇಳಿದ್ದಳು.

"ಮೊದಲ ನೀರು ಯಾರಿಗೂ ಕುಡಿಯೋಕೆ ಕೊಡಬೇಡ. ಬಾಗಿಲಿಗೆ ಬಂದ ನಾಯಿಗೂ ಬೇಡ."

ಆದರೆ ಚೆಲ್ಲುವಷ್ಟು ಸಿರಿವಂತರು ಯಾರು? ಅದರಲ್ಲೇ ಪಾತ್ರೆ ತೊಳೆದೆವು, ಮಕ್ಕಳ ಮೈ ತೊಳೆದೆವು. ನೀರು ಬೇಗ ನಿಂತ ದಿನ ಕಣ್ಣುಮುಚ್ಚಿ ಅದರಲ್ಲೇ ಗಂಜಿ ಬೇಯಿಸಿದೆವು. ಆಮೇಲೆ ಬರುವ ತಿಳಿ ನೀರಿನಲ್ಲಿ ಏನಿತ್ತೋ ಯಾರಿಗೆ ಗೊತ್ತು. ಮೊದಲು ನನ್ನ ಗಂಡನ ಕಾಲು ಊದಿತು, ಆಮೇಲೆ ಮುಖ, ಆಮೇಲೆ ಅವನು ಹೋದ. ಕೊಯ್ದು ನೋಡಿದರೆ ಕಾರಣ ತಿಳಿಯುತ್ತದೆ ಎಂದು ಆಸ್ಪತ್ರೆಯವರು ಹೇಳಿದರು. ಅತ್ತೆ ಹೆಣದ ಮೇಲೆ ಅಡ್ಡ ಬಿದ್ದಳು. "ಬದುಕಿರೋವಾಗ ಅವನ ಚರ್ಮ ಸುಲಿದಿದ್ದು ಸಾಲದಾ? ಮುಟ್ಟಿದ್ರೆ ನಿಮ್ಮ ಕೈ ಮುರೀತೀನಿ." ಯಾರೂ ಮುಟ್ಟಲಿಲ್ಲ. ಹಾಗೇ ಮಣ್ಣು ಮಾಡಿದೆವು.

ಈಗ ನನ್ನ ಮಗಳು ಗುಬ್ಬಿಯ ಸರದಿ ಬಂದಿತ್ತು. ಕಡ್ಡಿಯ ಹಾಗಿದ್ದ ಹುಡುಗಿ, ಬೆಳಿಗ್ಗೆ ಎದ್ದರೆ ಕಣ್ಣು ತೆರೆಯಲಾರದಷ್ಟು ರೆಪ್ಪೆ ಊದಿರುತ್ತಿತ್ತು. ಅವಳನ್ನು ನಾನೂ ಅತ್ತೆಯೂ ದೊಡ್ಡಾಸ್ಪತ್ರೆಗೆ ಕರೆದೊಯ್ದ ದಿನ ಡಾಕ್ಟರು ಮೂಗು ಮುಚ್ಚಿಕೊಂಡೇ ಮಾತಾಡಿದ.

"ಸ್ವಲ್ಪ ದೂರ ನಿಲ್ಲಮ್ಮ. ಏನಿದು ನಾತ! ಮಗೂಗೆ ಕಿಡ್ನಿ ಕೆಲಸ ಮಾಡ್ತಿಲ್ಲ. ನೀವುಗಳು ಶುಚಿಯಾಗಿರೋದು ಕಲೀರಿ ಮೊದಲು. ಕೊಳಕಲ್ಲಿ ಬಿದ್ದಿರ್ತೀರಿ, ಆಮೇಲೆ ನೀರು ಸರಿಯಿಲ್ಲ ಅಂತೀರಿ."

ನನಗೆ ಇಂಥ ಮಾತು ಹೊಸದೇನಲ್ಲ. ಅತ್ತೆಗೆ ಅದು ನಾಟಿತು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ತನ್ನ ಅಂಗೈ ಮೂಸುತ್ತಲೇ ಇದ್ದಳು. "ನಾವು ಕೊಳಕಾ? ದಿನಾ ನೆಲ ಉಜ್ಜೋಳು ನಾನು. ನಾನು ಕೊಳಕಾ?" ಎಂದು ನನ್ನನ್ನು ಕೇಳಿದಳು. ಗುಬ್ಬಿ ನನ್ನ ಮಡಿಲಲ್ಲಿ ವಾಂತಿ ಮಾಡುತ್ತಿದ್ದಳು.

ಕಾಸು ತೆಗೆದುಕೊಳ್ಳದ ಲಾಯರೊಬ್ಬಳು ಕೋರ್ಟಿನ ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಕೂತಿರುತ್ತಾಳೆ ಎಂದು ಯಾರೋ ಹೇಳಿದರು. ಹೋದೆ. ನನ್ನ ಮೈನ ವಾಸನೆಗೆ ಲಾಯರಮ್ಮ ಮುಖ ಸಿಂಡರಿಸಲಿಲ್ಲ. ಅಷ್ಟಕ್ಕೇ ನಾನು ಅತ್ತುಬಿಟ್ಟೆ, ಥತ್! ಲೈನಿಗೂ ಬಂದಳು, ನಮ್ಮ ಹೊಸ್ತಿಲ ಮೇಲೆ ಕೂತು ಗುಬ್ಬಿಯ ಕಾಲು ಒತ್ತಿ ನೋಡಿದಳು. ಬೆರಳಿಟ್ಟ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು.

"ಕೇಸ್ ಗೆದ್ರೆ ಗುಬ್ಬಿಗೆ ಮಿಷಿನ್‌ನಲ್ಲಿ ರಕ್ತ ತೊಳೆಸೋ ಖರ್ಚು ಪೂರ್ತಿ ಫ್ಯಾಕ್ಟರಿದು. ಲೈನಿಗೆ ಬೇರೆ ಪೈಪು ಹಾಕಿಸಬೇಕಾಗುತ್ತೆ. ನೀರಿನ ರಿಪೋರ್ಟ್ ಒಂದು ಬಂದ್ಬಿಡ್ಲಿ, ಆಮೇಲೆ ನೋಡ್ತಾ ಇರಿ," ಎಂದಳು.

ಜಡ್ಜ್ ಮುಂದೆ ಹೇಗೆ ನಿಲ್ಲಬೇಕು, ಏನು ಹೇಳಬೇಕು, ಯಾವುದಕ್ಕೆ ಬಾಯಿ ಬಿಡಬಾರದು, ಎಲ್ಲ ಕಲಿಸಿದಳು. ನಾವು ಹಳದಿ ನೀರು ಬರುತ್ತದೆ ಎಂದಿದ್ದೆವು. ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಅವಳು ಕೇಳಲಿಲ್ಲ, ನಾವು ಹೇಳಲಿಲ್ಲ. ಹೇಳುವ ವಿಷಯ ಅದು ಅಂತ ಹೊಳೆದಿದ್ದರೆ ತಾನೆ? ಅನ್ನವನ್ನು ಅಗಿದು ನುಂಗುತ್ತೇವೆ ಎಂದು ಯಾರಾದರೂ ಹೇಳುತ್ತಾರಾ?

ನಲ್ಲಿ ನೀರು ಹಿಡಿದೊಯ್ಯಲು ಸರ್ಕಾರದ ಸಾಹೇಬರು ಬರುವ ಹಿಂದಿನ ದಿನ ಅತ್ತೆ ಲೈನಿನ ಬಾಗಿಲು ಬಾಗಿಲಿಗೂ ಹೋದಳು.

"ಕೋರ್ಟಿಂದ ಬರ್ತಾರೆ ಕಣ್ರೇ. ಆ ಡಾಕ್ಟ್ರು ಅಂದ ಮಾತು ಇವರ ಬಾಯಲ್ಲಿ ಬರಬಾರ್ದು. ಮಾನ ತೆಗೀಬೇಡಿ, ಪೊರಕೆ ಹಿಡೀರಿ."

ಹೆಂಗಸರೆಲ್ಲ ಹಿಡಿದರು. ಲೈನನ್ನು ಆ ಪರಿ ಉಜ್ಜಿದ್ದನ್ನು ನಾನು ನೋಡೇ ಇರಲಿಲ್ಲ. ಅತ್ತೆ ಬೂದಿ ಹಚ್ಚಿ ನಲ್ಲಿಯನ್ನು ಉಜ್ಜಿದಳು, ಮೂತಿಯೊಳಗೆ ಬೆರಳು ತೂರಿಸಿ ಪಾಚಿ ಕೆರೆದಳು. ನಮ್ಮ ಪಕ್ಕದ ಮನೆಯ ಬೊಕ್ಕಬಾಯಿ ಅಜ್ಜಿ, "ಇದೇನು ನಲ್ಲೀಗೆ ಮದುವೇನಾ?" ಎಂದು ನಗಾಡಿದಳು. ನಾವೂ ನಕ್ಕೆವು. ಲೈನಿನಲ್ಲಿ ಹಾಗೆ ಎಲ್ಲರೂ ಒಟ್ಟಿಗೆ ನಕ್ಕು ಬಹಳ ಕಾಲವಾಗಿತ್ತು.

ಬೆಳಿಗ್ಗೆ ನೀರು ಬಂತು. ಆವತ್ತು ಒಬ್ಬಳೂ ಕೊಡ ಇಡಲಿಲ್ಲ. ಮೊದಲ ನೀರನ್ನು ಪೂರ್ತಿ ಚರಂಡಿಗೆ ಬಿಟ್ಟೆವು. ನೆಲಕ್ಕೆ ಬಿದ್ದ ಹಳದಿಯನ್ನೂ ಅತ್ತೆ ತಿಳಿ ನೀರು ಹಾಕಿ ತೊಳೆದಳು.

ಕಾರು ಬಂತು. ಸಾಹೇಬನ ಜೊತೆ ಅದೇ ಕಾರಿನಿಂದ ಸೀಟಿಯೂ ಇಳಿದ. ಸಾಹೇಬ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಚರಂಡಿಯ ಈಚೆಗೇ ನಿಂತ. ಎರಡು ಬೆರಳಲ್ಲಿ ಬಾಟ್ಲಿಯ ಕುತ್ತಿಗೆ ಹಿಡಿದು ಚಾಚಿದ.

"ಏಯ್ ಅಜ್ಜಿ, ಹಿಡಿ. ತುಂಬಿಸಿ ಕೊಡು. ಹತ್ರ ಬರಬೇಡ, ಮೈಗೆ ಸಿಡಿಸಬೇಡ."

ಬಾಟ್ಲಿ ತುಂಬಬೇಕಾದವನು ಅವನೇ ಎಂದು ಆಮೇಲೆ ಲಾಯರಮ್ಮ ಹೇಳಿದಳು. ಆಗ ನಮಗೇನು ಗೊತ್ತು? ಅತ್ತೆ ಬಾಟ್ಲಿಯನ್ನು ಅಲ್ಲಾಡಿಸಿ ಅಲ್ಲಾಡಿಸಿ ತೊಳೆದಳು. ನಲ್ಲಿಯನ್ನು ಇನ್ನೊಂದಿಷ್ಟು ಹೊತ್ತು ಸುಮ್ಮನೆ ಹರಿಯಬಿಟ್ಟಳು. ಆಮೇಲೆ ತುಂಬಿಸಿ, ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಎತ್ತಿ ಹಿಡಿದಳು.

"ನೋಡಿ ಸ್ವಾಮಿ. ನಾವು ಕೊಳಕು ಜನ ಅಲ್ಲ."

ಸೀಟಿ ಮೊದಲ ಸಲ ನಮ್ಮನ್ನು ನೋಡಿ ಮೃದುವಾಗಿ ಮಾತಾಡಿದ. "ಎಷ್ಟು ಚೊಕ್ಕಟವಾಗಿ ಇಟ್ಕೊಂಡಿದೀರಜ್ಜಿ!" ಎಂದ. ಅತ್ತೆಯ ಮುಖ ಅರಳಿತು. ಮಗ ಹೋದ ಮೇಲೆ ಅವಳ ಮುಖ ಹಾಗಾದದ್ದು ಅದೇ ಮೊದಲು.

ಕಾರು ಹೋದ ಮೇಲೆ ಲಾಯರಮ್ಮ ಏದುಸಿರು ಬಿಡುತ್ತಾ ಓಡಿ ಬಂದಳು. ಅವಳಿಗೆ ಬೇರೆ ಹೊತ್ತು ಹೇಳಿದ್ದರಂತೆ. ಒದ್ದೆ ನೆಲ ನೋಡಿದಳು, ಪಳಪಳ ಹೊಳೆಯುವ ನಲ್ಲಿ ನೋಡಿದಳು.

"ಅಜ್ಜಿ, ಬಾಟ್ಲಿ ತುಂಬೋಕೆ ಮುಂಚೆ ನೀರು ಬಿಟ್ಟಿದ್ರಾ?"

"ಬಿಡದೆ ಇರ್ತೀವಾ ತಾಯಿ? ಮೊದಲ ನೀರೆಲ್ಲ ಹೋಗೋವರೆಗೂ ಬಿಟ್ವಿ. ದೊಡ್ಡೋರ ಕೈಗೆ ಅದನ್ನ ಕೊಡೋಕಾಗುತ್ತಾ?"

ಲಾಯರಮ್ಮ ಅತ್ತೆಯ ಕೈ ಹಿಡಿದು ಹೊಸ್ತಿಲ ಮೇಲೆ ಕೂರಿಸಿದಳು. ಮೊದಲ ನೀರು ಎಂದರೇನು ಎಂದು ಕೇಳಿದಳು. ಅತ್ತೆ ಹೇಳುತ್ತಾ ಹೋದಳು. ಹೇಳುತ್ತಾ ಹೇಳುತ್ತಾ ಅರ್ಧದಲ್ಲಿ ಅವಳಿಗೇ ಅರ್ಥವಾಯಿತು.

ಕೋರ್ಟಿನಲ್ಲಿ ನಮ್ಮದು ಒಂದು ಸೀನು ಸೀನುವಷ್ಟರಲ್ಲಿ ಮುಗಿಯಿತು. ನೀರು ಕುಡಿಯಲು ಯೋಗ್ಯ ಎಂದು ರಿಪೋರ್ಟು ಬಂದಿತ್ತು. ಲಾಯರಮ್ಮ ಇನ್ನೊಮ್ಮೆ ಪರೀಕ್ಷೆಯಾಗಲಿ ಎಂದು ಅಂಗಲಾಚಿದಳು. ಕಾರ್ಖಾನೆಯ ವಕೀಲ ಎದ್ದು ನಿಂತ.

"ಸ್ವಾಮಿ, ಬಾಟ್ಲಿ ತುಂಬಿಸಿದ್ದು ಇವರ ಮನೆಯೋರೇ, ಸ್ವಂತ ಕೈಯಿಂದ. ಈಗ ಅದೂ ಸರಿಯಿಲ್ಲ ಅಂದ್ರೆ ಹೇಗೆ?"

ಯಾರೋ ನಕ್ಕರು. ಜಡ್ಜೂ ಮುಗುಳ್ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು. "ಅದು ತಿಳಿ ನೀರು ಸ್ವಾಮಿ! ಮೊದಲ ನೀರು ಹಿಡೀರಿ, ನೀವೇ ಬಂದು ಹಿಡೀರಿ!" ಎಂದು ಕೂಗಿದೆ. ಬಾಗಿಲ ಬಳಿ ನಿಂತಿದ್ದ ಜವಾನ ತೋಳು ಹಿಡಿದು ನನ್ನನ್ನು ಹೊರಗೆ ಹಾಕಿದ. ಆಮೇಲೆ ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಮೇಲಿನ ಕೋರ್ಟಿಗೆ ಹೋಗಬಹುದು," ಎಂದಳು ಲಾಯರಮ್ಮ, ಸಂಜೆ ನಮ್ಮ ಹೊಸ್ತಿಲ ಮೇಲೆ ಕೂತು.

"ಎಷ್ಟು ಕಾಲ ಆಗುತ್ತೆ?"

ಅವಳು ಗುಬ್ಬಿಯ ಕಡೆ ನೋಡಿದಳು.

ಆ ವಾರವೇ ಸೀಟಿ ಏಣಿ ತರಿಸಿ ನಲ್ಲಿಯ ಮೇಲೆ ಗೋಡೆಗೆ ಒಂದು ಬೋರ್ಡು ಹೊಡೆಸಿದ. 'ಈ ನೀರು ಪರೀಕ್ಷಿಸಲ್ಪಟ್ಟಿದೆ. ಕುಡಿಯಲು ಯೋಗ್ಯ.' ನೀಲಿ ಅಕ್ಷರ, ಕೆಳಗೆ ಸರ್ಕಾರದ ಮುದ್ರೆ. ಓದಲು ಬಾರದವರಿಗೆಂದು ಗಟ್ಟಿಯಾಗಿ ಓದಿಯೂ ಹೇಳಿದ. "ಇನ್ಮೇಲೆ ಯಾವ ಮುಂಡೆಯಾದ್ರೂ ನೀರು ಅಂತ ಬಾಯಿ ಬಿಟ್ರೆ ಮನೆ ಖಾಲಿ ಮಾಡಿಸ್ತೀನಿ."

ಅತ್ತೆ ಮಾತು ಬಿಟ್ಟಳು. ಗುಬ್ಬಿಯನ್ನು ಮುಟ್ಟುವುದನ್ನೂ ಬಿಟ್ಟಳು. "ನಿನ್ನ ತಪ್ಪಲ್ಲ ಅತ್ತೆ, ಆ ಡಾಕ್ಟ್ರ ನಾಲಿಗೆ ಮಾಡಿದ್ದು," ಎಂದು ನಾನು ಎಷ್ಟು ಹೇಳಿದರೂ ಗೋಡೆಗೆ ಹೇಳಿದಂತಾಯಿತು. ದೊಡ್ಡಾಸ್ಪತ್ರೆಯಲ್ಲಿ ಮಿಷಿನ್ ಖಾಲಿಯಾದಾಗ ಹೇಳಿ ಕಳಿಸುತ್ತೇವೆ ಎಂದಿದ್ದರು. ಹೇಳಿ ಕಳಿಸಲಿಲ್ಲ. ಹೊರಗೆ ಮಾಡಿಸೋಣವೆಂದರೆ ಮೈ ಮಾರಿದರೂ ಸಾಲದು. ಗುಬ್ಬಿ ದಿನವೆಲ್ಲ ಗೋಡೆಗೆ ಒರಗಿ ಕೂತು, "ಅಮ್ಮಾ, ನೀರು," ಎನ್ನುತ್ತಿದ್ದಳು. ಕಿಡ್ನಿ ಕೆಟ್ಟವರಿಗೆ ಒಂದು ಗುಟುಕಿನ ಮೇಲೆ ಕೊಡಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆ ಒಂದು ಗುಟುಕನ್ನೂ ಅದೇ ನಲ್ಲಿಯಿಂದಲೇ ತರಬೇಕಿತ್ತು. ಮಿಕ್ಕ ನಲ್ಲಿಗಳೆಲ್ಲ ಕಾರ್ಖಾನೆಯ ಬೇಲಿಯೊಳಗೆ, ಕಾವಲುಗಾರನ ದೊಣ್ಣೆಯ ಹಿಂದೆ.

ಲಾಯರಮ್ಮ ಗುಬ್ಬಿಯನ್ನು ನೋಡಲು ಬಂದ ದಿನ ಅತ್ತೆ ಬಾಯಿ ಬಿಟ್ಟಳು.

"ತಾಯಿ, ಸತ್ತೋರನ್ನ ಕೊಯ್ದು ನೋಡಿದ್ರೆ ಒಳಗಿರೋ ವಿಷ ಕಾಣುತ್ತಾ? ಕೋರ್ಟು ಒಪ್ಪುತ್ತಾ?"

ಅವಳು ಮಗನ ವಿಷಯ ಕೇಳುತ್ತಿದ್ದಾಳೆ ಎಂದುಕೊಂಡೆವು. "ಒಪ್ಪುತ್ತೆ ಅಜ್ಜಿ. ಆವತ್ತು ನೋಡಿದ್ದಿದ್ರೆ…" ಎಂದಳು ಲಾಯರಮ್ಮ. ಅತ್ತೆ ತಲೆಯಾಡಿಸಿ ಮೂಲೆಗೆ ಹೋಗಿ ಮಲಗಿದಳು.

ಮಾರನೆಯ ಬೆಳಿಗ್ಗೆ ನಾನು ಕೊಡ ಹಿಡಿದು ಹೋಗುವಷ್ಟರಲ್ಲಿ ಅತ್ತೆ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಒಂದು ಚೊಂಬು. ನಲ್ಲಿ ಕೆಮ್ಮಿತು, ಉಗುಳಿತು. ಅತ್ತೆ ಆ ಹಳದಿಗೇ ಚೊಂಬು ಹಿಡಿದಳು. ಪಾತ್ರೆ ತೊಳೆಯಲಿಕ್ಕೆ ಎಂದುಕೊಂಡೆ. ಅವಳು ಅದನ್ನು ಬಾಯಿಯ ಹತ್ತಿರ ತಂದಳು.

ಕೆಲಸಕ್ಕೆ ಎಬ್ಬಿಸಲು ಬರುತ್ತಿದ್ದ ಸೀಟಿ ದೂರದಿಂದಲೇ ಕಂಡು ಅರಚಿದ.

"ಏಯ್ ಮುದುಕಿ! ತಲೆ ಕೆಟ್ಟಿದೆಯಾ? ಮೊದಲು ಬರೋದನ್ನ ಯಾರಾದ್ರೂ ಕುಡೀತಾರೇನೇ? ಚೆಲ್ಲು! ಚೆಲ್ಲೇ ಅದನ್ನ!"

ನೀರಿಗೆ ಸಾಲು ನಿಂತಿದ್ದವರೆಲ್ಲ ಅವನ ಕಡೆ ತಿರುಗಿದರು. ಗೊತ್ತಿತ್ತು, ಆ ಸೂಳೆಮಗನಿಗೆ ಮೊದಲಿನಿಂದಲೂ ಗೊತ್ತಿತ್ತು! ಎಲ್ಲರೂ ಕೇಳಿಸಿಕೊಂಡೆವು. ಕೇಳಿಸಿಕೊಂಡು ಏನು ಬಂತು? ಆ ಜಡ್ಜ್ ಅಲ್ಲಿರಲಿಲ್ಲ. ನಮ್ಮ ಕಿವಿಯನ್ನು ಯಾವ ಕೋರ್ಟೂ ಸಾಕ್ಷಿ ಎನ್ನುವುದಿಲ್ಲ.

ಅತ್ತೆ ಬೋರ್ಡಿನ ಕಡೆ ಗದ್ದ ಎತ್ತಿದಳು. "ಓದೋಕೆ ಬರುತ್ತಲ್ಲ ನಿಂಗೆ? ಓದು. ಗಟ್ಟಿಯಾಗಿ ಓದು."

ಚೊಂಬು ಎತ್ತಿ ಗಟಗಟ ಕುಡಿದಳು. ನಾನು ಕೊಡ ಬಿಸಾಕಿ ಓಡಿದೆ, ಅವಳ ಮುಂಗೈ ಹಿಡಿದು ಎಳೆದೆ. ಜೀವಮಾನವೆಲ್ಲ ಒದ್ದೆ ಚರ್ಮ ಹಿಂಡಿದ ಕೈ ಅದು, ಅಲುಗಲಿಲ್ಲ. ಕೊನೆಯ ಹನಿಯವರೆಗೂ ಕುಡಿದು ಚೊಂಬು ಇಳಿಸಿದಳು.

"ಬಿಡೇ ಹುಡುಗಿ. ನನ್ನ ಮಗನ್ನ ಕೊಯ್ಯೋಕೆ ಬಿಡ್ಲಿಲ್ಲ ನಾನು. ನನ್ನನ್ನ ಕೊಯ್ಸು. ದಿನಾ ಕುಡೀತೀನಿ. ಲಾಯರಮ್ಮಂಗೆ ಹೇಳು, ಈ ಸಲ ಬಾಟ್ಲಿ ತೊಳೆದಿಲ್ಲ ಅಂತ."

ನಾನು ಅವಳ ಕಾಲು ಹಿಡಿದುಕೊಂಡೆ, ಬೈದೆ, ಹಾಳಾಗಿ ಹೋಗು ಅಂದೆ, ಮನೆಯೊಳಗೆ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದೆ. ಗುಬ್ಬಿ ಒಳಗಿಂದ "ಅಜ್ಜಿ ನಡುಗ್ತಿದಾಳಮ್ಮಾ," ಎಂದು ಕೂಗಿದಾಗ ನಾನೇ ಚಿಲಕ ತೆಗೆದೆ.

ಮಾರನೆಯ ದಿನ ಅತ್ತೆ ಗೋಡೆ ಹಿಡಿದುಕೊಂಡು ನಲ್ಲಿಗೆ ಹೋದಳು. ಅಲ್ಲಿ ಬೊಕ್ಕಬಾಯಿ ಅಜ್ಜಿ ಆಗಲೇ ಚೊಂಬು ಹಿಡಿದು ಕೂತಿದ್ದಳು. ಅವಳ ಹಿಂದೆ ಹಸಿ ಚರ್ಮಕ್ಕೆ ಉಪ್ಪು ಹಚ್ಚುವ ಕೆಲಸದಿಂದ ಬಿಡಿಸಿ ಕಳಿಸಿದ ಮುದುಕ, ಅವನ ಕೈಯಲ್ಲಿ ಒಂದು ಡಬ್ಬಿ. ಅತ್ತೆಗೆ ಅವರು ಜಾಗ ಬಿಟ್ಟುಕೊಟ್ಟರು. ಸೀಟಿ ಬೋರ್ಡಿನ ಕೆಳಗೆ ನಿಂತು ಕೆನ್ನೆ ಉಬ್ಬಿಸಿ ಊದುತ್ತಲೇ ಇದ್ದ, ಒಬ್ಬರೂ ತಿರುಗಿ ನೋಡಲಿಲ್ಲ. ನಾನು ಗುಬ್ಬಿಯ ಒಂದು ಗುಟುಕಿಗಾಗಿ ಸಣ್ಣ ಪಾತ್ರೆ ಹಿಡಿದು ಅವರ ಹಿಂದೆ ನಿಂತೆ. ಅವರದು ತುಂಬಿ, ನೀರು ತಿಳಿಯಾಗುವವರೆಗೆ ನಾನು ಕಾಯಬೇಕಿತ್ತು.

ನಲ್ಲಿ ಕೆಮ್ಮಿತು.