ಭೈರೇಶನ ಗದ್ದದ ಕೆಳಗೆ ಒಂಬತ್ತು ವರ್ಷ

ನಾನು ಒಂದು ಮೈಕು. ಅಂತಿಂಥ ಮೈಕಲ್ಲ. ಹುಟ್ಟಿದ್ದು ಜರ್ಮನಿಯಲ್ಲಿ. ಈ ರಾಜ್ಯದ ಹೆಂಗಸರು ಒಬ್ಬರೂ ಬಿಡದಂತೆ ನನ್ನ ಮುಂದೆ ಬಾಯಿ ಬಿಟ್ಟಿದ್ದಾರೆ. ಇದರಲ್ಲಿ ಅರ್ಧ ಸುಳ್ಳು. ಜರ್ಮನಿ ಅಂತ ಬರೆದ ಚೀಟಿಯನ್ನು ನನ್ನ ಸೊಂಟಕ್ಕೆ ಅಂಟಿಸಿದವನು ಬೆಂಗಳೂರಿನ ಯಾವುದೋ ಗಲ್ಲಿಯ ಅಂಗಡಿಯವನು. ಎಂಜಲು ಹಚ್ಚಿ ಅಂಟಿಸಿದ, ಅದೂ ಓರೆಯಾಗಿ. ನನಗೆ ಓದು ಬಾರದು, ಕೇಳಿದ್ದಷ್ಟೇ ಗೊತ್ತು. ಆದ್ದರಿಂದ ನನ್ನ ತವರನ್ನು ಹೆಚ್ಚು ಕೆದಕಬೇಡಿ. ಹೆಂಗಸರ ಮಾತು ಮಾತ್ರ ನಿಜ. ರಾಜ್ಯವಲ್ಲದಿದ್ದರೆ ಬೇಡ, ತುಮಕೂರು ಜಿಲ್ಲೆ ಅಂತ ಇಟ್ಟುಕೊಳ್ಳಿ.

ನನ್ನನ್ನು ಕೊಂಡವರು ತುಮಕೂರಿನ ಒಂದು ಕೇಬಲ್ ಚಾನೆಲ್‌ನವರು. ನಾನು ತಂತಿಯಿಲ್ಲದ ಮೈಕು. ನಮ್ಮಲ್ಲಿ ಒಂಟಿಯಾಗಿ ಯಾರೂ ಹುಟ್ಟುವುದಿಲ್ಲ. ಒಂದು ಮೈಕಿಗೆ ಒಂದು ಪೆಟ್ಟಿಗೆ ಅಂತ ಕಾರ್ಖಾನೆಯಲ್ಲೇ ಗಂಟು ಹಾಕಿ ಕಳಿಸುತ್ತಾರೆ. ನಾನು ಕೇಳಿದ್ದನ್ನೆಲ್ಲ ಗಾಳಿಯಲ್ಲಿ ಪೆಟ್ಟಿಗೆಗೆ ಹೇಳಬೇಕು, ಪೆಟ್ಟಿಗೆ ಅದನ್ನು ಕ್ಯಾಮೆರಾಕ್ಕೆ ಹೇಳಬೇಕು. ನಮ್ಮ ಯಜಮಾನರು ಕಪ್ಪಗೆ, ಚೌಕವಾಗಿ, ತಲೆಯ ಮೇಲೆ ಎರಡು ಕೊಂಬು ಇಟ್ಟುಕೊಂಡು ಕೂತಿರುತ್ತಿದ್ದರು. ನಾನು ಕೋಟಿ ಮಾತು ಹೇಳಿದ್ದರೂ ತಿರುಗಿ ಒಂದು ಮಾತಾಡಿದವರಲ್ಲ. ಅಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ, ಹೇಳಿ.

ನನ್ನನ್ನು ಹಿಡಿದವನು ಭೈರೇಶ, ಚಾನೆಲ್‌ನ ನಿರೂಪಕ. ಊರೂರಿಗೆ ವ್ಯಾನಿನಲ್ಲಿ ಹೋಗಿ ಯಾವುದಾದರೂ ಮನೆಯ ಬಾಗಿಲನ್ನು ಮೂರು ಸಲ ತಟ್ಟುವುದು, 'ಅಕ್ಕಾ... ಬಾಗಿಲು ತೆಗೀರಿ...' ಅಂತ ರಾಗ ಎಳೆಯುವುದು, ಬಾಗಿಲು ತೆರೆದವರಿಗೆ ಮೂರು ಪ್ರಶ್ನೆ ಕೇಳಿ ಒಂದು ಕುಕ್ಕರ್ ಕೊಡುವುದು. ಅವನ ಕಾರ್ಯಕ್ರಮ ಇಷ್ಟೇ. ಆದರೆ ಅವನ ರಾಗವನ್ನು ಎಳೆಯ ಮಕ್ಕಳು ತೊಟ್ಟಿಲಿನಲ್ಲೇ ಹಾಡುತ್ತಿದ್ದವು.

ಬೇರೆಯವರು ಅವನ ಮುಖವನ್ನು ಎದುರಿನಿಂದ ನೋಡಿದರು. ನಾನು ಒಂಬತ್ತು ವರ್ಷ ಕೆಳಗಿನಿಂದ ನೋಡಿದೆ. ಗದ್ದದ ಅಡಿ ಒಂದು ಮಚ್ಚೆಯಿದೆ, ಅವನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ. ಅವನಿಗೆ ಎರಡು ಮುಖ ಇರುವುದು ಗೊತ್ತಾದದ್ದೂ ಹೀಗೆ ಕೆಳಗಿನಿಂದಲೇ. ಹೆಬ್ಬೆರಳಿನಿಂದ ನನ್ನ ಸ್ವಿಚ್ ಮೇಲಕ್ಕೆ ತಳ್ಳಿದರೆ ಒಂದು ಮುಖ, ಹಲ್ಲೆಲ್ಲ ಹೊರಗೆ. ಕೆಳಕ್ಕೆ ತಳ್ಳಿದರೆ ಇನ್ನೊಂದು. ಸ್ವಿಚ್ ಆರಿದ ಮೇಲೆ ಹೆಂಗಸರು ನಿಜವಾದ ಮಾತು ಶುರು ಮಾಡುತ್ತಿದ್ದರು. ಒಬ್ಬಳು ಸೊಸೆಯ ಮೇಲೆ ದೂರು ಹೇಳುವಳು, ಒಬ್ಬಳು ಕುಕ್ಕರ್ ಹಿಡಿದುಕೊಂಡೇ ಅಳುವಳು. ಆಗ ಅವನು ನನ್ನನ್ನು ತೊಡೆಯ ಪಕ್ಕಕ್ಕೆ ಇಳಿಸಿ, ತಲೆ ಸ್ವಲ್ಪ ಬಗ್ಗಿಸಿ, ಸುಮ್ಮನೆ ಕೇಳುತ್ತಿದ್ದ. ಈ ಮುಖವನ್ನು ಯಾವ ಕ್ಯಾಮೆರಾವೂ ಹಿಡಿಯಲಿಲ್ಲ.

ಈಗ ನನ್ನ ತಪ್ಪಿನ ಕಥೆ. ಶೂಟಿಂಗ್ ಹೊತ್ತಿನಲ್ಲಿ ಯಾರದಾದರೂ ಫೋನ್ ಹತ್ತಿರವಿದ್ದರೆ ನನ್ನೊಳಗೆ ಗೊರಗೊರ ಅನ್ನುತ್ತದೆ. ಅದಕ್ಕೇ ಎಲ್ಲರ ಫೋನೂ ಬಂದ್ ಮಾಡಿಸುತ್ತಿದ್ದರು. ಆರನೆಯ ವರ್ಷ ಪಾವಗಡದಲ್ಲಿ ಶೂಟಿಂಗ್ ಇದ್ದ ದಿನ, ಗುಬ್ಬಿಯಲ್ಲಿ ಭೈರೇಶನ ಭಾವ ತೀರಿಕೊಂಡರು. ಅವನನ್ನು ಸಾಕಿ ಬೆಳೆಸಿದ ಅಕ್ಕ ಗಂಗರತ್ನಳ ಗಂಡ. ಬೆಳಿಗ್ಗೆಯಿಂದ ಫೋನ್ ಮಾಡಿದರೂ ಸಿಗಲಿಲ್ಲ. ಸಂಜೆ ಅವನು ಓಡೋಡಿ ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಅಷ್ಟೇ ಆಗಿದ್ದರೆ ಅಕ್ಕ ಬೈದು, ಅತ್ತು, ಸುಮ್ಮನಾಗುತ್ತಿದ್ದಳೇನೋ. ಅವನು ಗಾಬರಿಯಲ್ಲಿ ನನ್ನನ್ನು ಕೈಯಲ್ಲೇ ಹಿಡಿದು ಇಳಿದಿದ್ದ. ಅಕ್ಕನ ಮನೆಯ ನೀಲಿ ಬಾಗಿಲು ಮುಚ್ಚಿತ್ತು. ಅವನ ಕೈ ತನ್ನಷ್ಟಕ್ಕೆ ಮೂರು ಸಲ ತಟ್ಟಿತು. ಬಾಯಿ ತನ್ನಷ್ಟಕ್ಕೆ, ಅದೇ ರಾಗದಲ್ಲಿ, 'ಅಕ್ಕಾ... ಬಾಗಿಲು ತೆಗೀರಿ...' ಅಂದಿತು.

ಬಾಗಿಲು ತೆರೆಯಿತು. ಗಂಗರತ್ನ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಊರೋರ ಬಾಗ್ಲೆಲ್ಲ ತಟ್ಟೋನಿಗೆ ನಮ್ ಬಾಗ್ಲು ಯಾಕಪ್ಪ? ಹೋಗು, ಕ್ಯಾಮೆರಾದೋರು ಕಾಯ್ತಿರ್ತಾರೆ."

ಕೂಗಲಿಲ್ಲ, ಮೆಲ್ಲಗೆ ಹೇಳಿ ಚಿಲಕ ಹಾಕಿಕೊಂಡಳು. ಅಂದಿನಿಂದ ಮೂರು ವರ್ಷ ನಮ್ಮ ವ್ಯಾನು ಗುಬ್ಬಿಯಲ್ಲಿ ಆ ಬೀದಿಯನ್ನು ಬಿಟ್ಟು ಎಲ್ಲ ಬೀದಿಯನ್ನೂ ಸುತ್ತಿತು.

ಒಂಬತ್ತನೆಯ ವರ್ಷ ಸಿಡಿಲು ಬಡಿದು ನಮ್ಮ ಯಜಮಾನರು ಸುಟ್ಟುಹೋದರು. ಹೊಗೆ ಮೂರು ತಾಲ್ಲೂಕಿಗೆ ಕಾಣಿಸಿತು ಅಂತ ನಾನು ಹೇಳುತ್ತೇನೆ, ನೀವು ಒಂದು ಕೋಣೆ ಅಂದುಕೊಳ್ಳಿ. ಗಂಡ ಹೋದ ಮೇಲೆ ನಾನು ಕೇಳಿದ್ದೆಲ್ಲ ನನ್ನಲ್ಲೇ ಉಳಿಯತೊಡಗಿತು. ಚಾನೆಲ್‌ನವರು ನನ್ನನ್ನು ಗುಜರಿಗೆ ಎತ್ತಿಟ್ಟರು. ಭೈರೇಶ ಕೇಳಿ ಪಡೆದು ತನ್ನ ಬ್ಯಾಗಿಗೆ ಹಾಕಿಕೊಂಡ.

ಅದೇ ತಿಂಗಳು ಅವನಿಗೆ ಸಿನಿಮಾ ಬಂತು. ನಿರ್ದೇಶಕ ವಾಮನಮೂರ್ತಿಯವರು ಪಾತ್ರ ಹೇಳಿದರು: ಹನ್ನೆರಡು ವರ್ಷದ ಮೇಲೆ ಅಕ್ಕನ ಬಾಗಿಲಿಗೆ ಬಂದು ನಿಲ್ಲುವ ತಮ್ಮ. ಸಂಬಳ ಎಷ್ಟು ಅಂತ ಕೂಡ ಕೇಳದೆ ಇವನು ಹೂಂ ಅಂದ. ಯಾಕೆ ಅಂತ ನಿಮಗೂ ನನಗೂ ಗೊತ್ತು, ವಾಮನಮೂರ್ತಿಗೆ ಗೊತ್ತಿರಲಿಲ್ಲ.

ಸಿನಿಮಾ ಅಂದರೆ ಹೇಗಿರುತ್ತದೆ ಅಂತ ನನಗೆ ತಡೆಯಲಾರದ ಕುತೂಹಲ. ಮಧುಗಿರಿಯ ಒಂದು ಮನೆಯ ಮುಂದೆ ಶೂಟಿಂಗ್. ಬ್ಯಾಗಿನ ಹೊಲಿಗೆ ಬಿಟ್ಟ ಕಡೆಯಿಂದ ಇಣುಕಿದೆ. ಸೀನು ಸುಲಭ. ಬಾಗಿಲು ತಟ್ಟಬೇಕು, ಅಕ್ಕನ ಪಾತ್ರದ ಹೆಂಗಸು ತೆರೆಯಬೇಕು, ಇವನು 'ಅಕ್ಕಾ' ಅನ್ನಬೇಕು. ಅಷ್ಟೇ.

ತಟ್ಟಿದ. ತೆರೆದಳು. 'ಅಕ್ಕಾ' ಅಂದ. ಬರಿಗೈ ಮುಷ್ಟಿಯಾಗಿ ಗದ್ದದ ಕೆಳಗೆ ಬಂದಿತ್ತು. ಅಂದಾದ ಮೇಲೆ ಆ ಮುಷ್ಟಿಯನ್ನು ಅವಳ ಬಾಯಿಯ ಮುಂದೆ ಹಿಡಿದು, ಕತ್ತು ತಿರುಗಿಸಿ ಕ್ಯಾಮೆರಾ ನೋಡಿ ನಕ್ಕ.

"ಅವ್ರ ಬಾಯಿಗೆ ಏನಯ್ಯಾ ಹಿಡೀತಿದೀಯ, ಐಸ್‌ಕ್ರೀಮಾ?" ಅಂದರು ವಾಮನಮೂರ್ತಿ.

ಸೆಟ್ಟಿನವರೆಲ್ಲ ನಕ್ಕರು. ಎರಡನೆಯ ಸಲವೂ ಹಾಗೆಯೇ ಆಯಿತು. ಹತ್ತೊಂಬತ್ತನೆಯ ಸಲ ಯಾರೂ ನಗಲಿಲ್ಲ.

"ನೋಡಪ್ಪಾ, ಊಟ ಆದ್ಮೇಲೆ ಒಂದೇ ಟೇಕು. ಬರ್ಲಿಲ್ಲ ಅಂದ್ರೆ ಬೇರೆಯೋರನ್ನ ಕರೆಸ್ತೀನಿ. ಬೇಜಾರ್ ಮಾಡ್ಕೋಬೇಡ."

ಭೈರೇಶ ಊಟ ಮಾಡಲಿಲ್ಲ. ಚಾನೆಲ್‌ನ ದಿನದಿಂದಲೂ ಅವನ ಮುಖಕ್ಕೆ ಪೌಡರ್ ಹಚ್ಚುವ ಸಾಕಮ್ಮ ತಟ್ಟೆ ಹಿಡಿದು ಪಕ್ಕದಲ್ಲಿ ಕೂತಳು.

"ತಿನ್ನು. ಈ ಪಾತ್ರ ಹೋದ್ರೆ ಇನ್ನೊಂದು ಬತ್ತದೆ."

"ಪಾತ್ರ ಹೋಗ್ಲಿ ಸಾಕಕ್ಕ. ಸುಳ್ಳು ಬಾಗ್ಲಲ್ಲೇ ನೆಟ್ಟಗೆ ನಿಂತ್ಕಳಕಾಗ್ತಿಲ್ಲ. ಗುಬ್ಬೀಲಿ ಹೋಗಿ ಹೆಂಗೆ ನಿಂತ್ಕಳ್ಲಿ?"

ಸಾಕಮ್ಮ ಕೈ ತೊಳೆದು ಬಂದು ಅವನ ಬ್ಯಾಗಿನಿಂದ ನನ್ನನ್ನು ಎಳೆದಳು. ಸೀನಿನಲ್ಲಿ ತಮ್ಮ ಹಿಡಿದು ಬರುವ ಬಟ್ಟೆ ಚೀಲವೊಂದಿತ್ತು. ನನ್ನನ್ನು ಅದರೊಳಗೆ ಇಟ್ಟಳು.

"ಚೀಲದ್ ಬಾಯಿ ಜತೆಗೇ ಇದ್ನೂ ಹಿಡ್ಕ. ನಿನ್ ಕೈ ಇದ್ನೇ ಹುಡುಕ್ತಾ ಮೇಲಕ್ ಹೋಯ್ತದೆ. ಕೆಳಗೇ ಸಿಕ್ರೆ ಯಾಕ್ ಹೋದದು?"

ಓದದ ಹೆಂಗಸರ ತಲೆ ಹೀಗೆ ಓಡುತ್ತದೆ. ನನ್ನ ತಲೆಯೂ ಹೀಗೆಯೇ.

ಟೇಕು ಶುರುವಾಯಿತು. ತಟ್ಟಿದ. ಒಳಗೆ ಹೆಜ್ಜೆ ಸಪ್ಪಳ. ಕೈ ಮೇಲೇಳಲು ತುಡಿಯಿತು, ನನ್ನ ಭಾರಕ್ಕೆ ಅಲ್ಲೇ ನಿಂತಿತು. ಬಾಗಿಲು ತೆರೆಯಿತು. ಅವನ ಹೆಬ್ಬೆರಳು ಬಟ್ಟೆಯ ಮೇಲಿನಿಂದಲೇ ನನ್ನ ಸ್ವಿಚ್ಚನ್ನು ತಡವಿ ಕೆಳಕ್ಕೆ ತಳ್ಳಿತು. ಅಷ್ಟೇ ಸಾಕಾಯಿತು. ತಲೆ ಸ್ವಲ್ಪ ಬಗ್ಗಿತು. 'ಅಕ್ಕಾ' ಅಂದದ್ದು ನನಗೇ ಅರ್ಧ ಕೇಳಿಸಿತು. ಆಮೇಲೆ ಅವಳೇನಾದರೂ ಬೈಯಲಿ ಅಂತ ಕಾಯುತ್ತಾ ನಿಂತ.

ವಾಮನಮೂರ್ತಿ ಕಟ್ ಅನ್ನುವುದನ್ನೇ ಮರೆತರು. ಆಮೇಲೆ ಹತ್ತಿರ ಬಂದು, "ಈ ಮುಖ ಇಷ್ಟೊತ್ತು ಎಲ್ಲಿಟ್ಟಿದ್ದೆ?" ಅಂತ ಕೇಳಿದರು.

"ಮೈಕ್ ಆಫ್ ಆದಾಗ ಇಂಗೇ ಇರ್ತಾನೆ ಸಾ," ಅಂದಳು ಸಾಕಮ್ಮ. "ನೀವ್ ನೋಡಿರ್ಲಿಲ್ಲ."

ಸಿನಿಮಾ ನೂರು ದಿನ ಓಡಿತು. ನೂರು ಅಂದೆನೇ? ಇಪ್ಪತ್ತೆರಡು. ಆದರೂ ಜನ ಅವನನ್ನು ನಟ ಅಂತ ಕರೆದರು, ಮೇಲೆ ಎರಡು ಸಿನಿಮಾ ಬಂದವು. ನಾನೂ ಆ ಸೀನಿನಲ್ಲಿ ಇದ್ದೇನೆ. ಚೀಲ ಸ್ವಲ್ಪ ಉಬ್ಬಿರುವ ಕಡೆ ನೋಡಿ, ಅದು ನಾನೇ.

ಮೊದಲ ಸಿನಿಮಾ ಬಂದ ವಾರದ ಭಾನುವಾರವೇ ಅವನು ಅದೇ ಬಟ್ಟೆ ಚೀಲದಲ್ಲಿ ನನ್ನನ್ನು ಹಾಕಿಕೊಂಡು, ಬಸ್ಸಿನಲ್ಲಿ ಒಬ್ಬನೇ ಗುಬ್ಬಿಗೆ ಹೋದ. ಆ ಬೀದಿಗೆ ತಿರುಗಿದ. ನೀಲಿ ಬಾಗಿಲು ಮುಚ್ಚಿತ್ತು. ಮೂರು ಸಲ ತಟ್ಟಲಿಲ್ಲ, ಒಂದೇ ಸಲ ತಟ್ಟಿದ. ಒಳಗಿನಿಂದ "ಯಾರು?" ಅಂತ ಕೇಳಿತು. ಅವನ ಹೆಬ್ಬೆರಳು ನನ್ನ ಸ್ವಿಚ್ಚನ್ನು ಕೆಳಕ್ಕೆ ತಳ್ಳಿತು. ಚಿಲಕದ ಸದ್ದಾಯಿತು.

ಅಲ್ಲಿಂದ ಮುಂದಿನದನ್ನು ನಾನು ಹೇಳುವುದಿಲ್ಲ. ಸ್ವಿಚ್ ಆರಿದ ಮೇಲೆ ಕೇಳಿದ್ದನ್ನು ಮೈಕು ಹೊರಗೆ ಹೇಳಬಾರದು.

ಈಗ ನನಗೆ ವಯಸ್ಸಾಯಿತು. ಬ್ಯಾಟರಿ ಇಡುವ ಜಾಗದಲ್ಲಿ ಹಸಿರು ಪಾಚಿ. ನಾನು ಇರುವುದು ಒಂದು ಅಡುಗೆಮನೆಯ ಗೂಡಿನಲ್ಲಿ, ಪಕ್ಕದಲ್ಲಿ ಉಪ್ಪಿನಕಾಯಿ ಜಾಡಿ. ಇಲ್ಲಿಂದ ನೋಡಿದರೆ ನಡುಮನೆ ದಾಟಿ ಬೀದಿ ಬಾಗಿಲು ಕಾಣುತ್ತದೆ. ಅದರ ಒಳಗಿನ ಬಣ್ಣವೂ ನೀಲಿ. ಈ ಮನೆಯ ಹೆಂಗಸು ಒಂಟಿ. ಮೈಕು ಅಂತ ಮರ್ಯಾದೆ ಕೊಡುವವಳಲ್ಲ, ದಿನಾ ಬೆಳಿಗ್ಗೆ ನನ್ನ ತಲೆಯಲ್ಲೇ ಕಾಫಿಗೆ ಶುಂಠಿ ಜಜ್ಜುತ್ತಾಳೆ. ಜಿಲ್ಲೆಯ ಹೆಂಗಸರ ಗುಟ್ಟೆಲ್ಲ ತುಂಬಿರುವ ತಲೆ ಅದು, ಅವಳಿಗೇನು ಗೊತ್ತು?

ದಿನಾ ಒಂದು ಲೋಟಕ್ಕೆ ಆಗುವಷ್ಟು ಶುಂಠಿ. ಭಾನುವಾರ ಮಾತ್ರ ಎರಡು ಲೋಟಕ್ಕೆ ಜಜ್ಜುತ್ತಾಳೆ.

ಯಾಕಿರಬಹುದು? ನೀವೇ ಹೇಳಿ ನೋಡೋಣ.