ಕೈ ತಾಗದ ಜಾಗ

ಎರಡು ಬುಟ್ಟಿ ಒಣಎಲೆ ಬಾಚುವಷ್ಟರಲ್ಲಿ ಆಲ್ಫ್‌ಹಿಲ್ಡ್ ಮೂರು ಸಲ ಕೂತೆದ್ದಳು. ಮೇ ತಿಂಗಳಲ್ಲಿ, ಹುಲ್ಲು ತಲೆಯೆತ್ತುವ ಮೊದಲೇ, ಮನೆಯ ಹಿಂದಿನಿಂದ ಸಮುದ್ರದಂಚಿನವರೆಗೂ ಬಯಲನ್ನು ಬಾಚಿ ಮುಗಿಸಬೇಕು. ಅದು ಅವಳ ಅತ್ತೆ ಬಿಟ್ಟುಹೋದ ಕೆಲಸ. ಅತ್ತೆಗೆ ಅವರತ್ತೆ ಬಿಟ್ಟುಹೋಗಿದ್ದರು. ಹೋದ ವರ್ಷ ಸೊಂಟ ಹಿಡಿದುಕೊಂಡು ಕೆಳಗಿನ ಅಂಚು ಹಾಗೇ ಉಳಿದಿತ್ತು.

ಬೇಲಿಯಾಚೆ ಮೈದುನ ರೂನಾರ್ ಬಂದು ನಿಂತ. ದ್ವೀಪದ ಟಪಾಲು ಚೀಲವನ್ನು ದೋಣಿಗೆ ಏರಿಸುವವನು ಅವನೇ.

"ಏನತ್ತಿಗೆ, ಬಯಲಿಗೆ ತಲೆ ಬಾಚ್ತಿದೀರಾ? ಹಂಗೇ ಜಡೆನೂ ಹಾಕ್ಬಿಡಿ."

"ನಿನ್ನ ಬೋಳುತಲೆಗಿಂತ ವಾಸಿ ಕಣಯ್ಯ. ಇಲ್ಲಿ ಏನಾದ್ರೂ ಬೆಳೆಯುತ್ತೆ."

"ಆ ಒಪ್ಪಿಗೆ ಪತ್ರ ಕಳಿಸಿದ್ರಾ? ಎರಡು ವರ್ಷ ಆಯ್ತು. 'ನಿಮ್ಮತ್ತಿಗೆ ಬದುಕಿದ್ದಾರಾ' ಅಂತ ಕಚೇರಿಯೋರು ನನ್ನ ಕೇಳ್ತಿದ್ರು."

"ನಂಗೇ ಅಷ್ಟು ಖಾತ್ರಿ ಇಲ್ಲ ಅಂತ ಹೇಳು."

"ಒಂದು ಸಹಿ ಅಷ್ಟೇ. ಓದ್ದೆ ಹಾಕ್ಬಿಡಿ, ನಮ್ಮಣ್ಣನ್ನ ಮದುವೆ ಆದಾಗ ಹಾಕಿದ್ರಲ್ಲ, ಹಂಗೆ."

ಬಯಲನ್ನು ಸಂರಕ್ಷಿತ ಜಾಗ ಮಾಡಿಕೊಳ್ಳುತ್ತೇವೆಂದು ಪರಿಸರ ಕಚೇರಿಯವರು ಬರೆದಿದ್ದರು. ಕೊಡಲು ಅವಳಿಗೇನೂ ಸಂಕಟವಿರಲಿಲ್ಲ. ಅವಳ ನಂತರ ಬಾಚುವವರು ಯಾರೂ ಇಲ್ಲ. ತಡೆದು ನಿಲ್ಲಿಸಿದ್ದು ಪತ್ರದ ಒಂದು ಸಾಲು: 'ಮನುಷ್ಯರ ಕೈ ತಾಗದ ಈ ಜಾಗವನ್ನು ಮುಂದೆಯೂ ಯಾರೂ ಮುಟ್ಟತಕ್ಕದ್ದಲ್ಲ.' ಹಳದಿಯೊಂದು, ನೇರಳೆಯೊಂದು ಜೊತೆಜೊತೆಗೇ ಏಳುವ ಆದಾಮ-ಈವ ಹೂಗಳನ್ನು ನೋಡಿ ಮೆಚ್ಚಿ ಬರೆದದ್ದು. ಎಲೆ ಬಾಚದಿದ್ದರೆ ಆ ಹೂ ಏಳುವುದಿಲ್ಲವೆಂದು ಅವರಿಗೆ ಹೇಳಿದವರಿಲ್ಲ.

ರೂನಾರ್ ಹೋದ ಮೇಲೆ ಅವಳು ಕೆಳಗಿನ ಅಂಚಿಗೆ ಇಳಿದಳು. ಹೋದ ವರ್ಷ ಬಾಚದೆ ಬಿಟ್ಟಲ್ಲಿ ಆಶ್ ಮರದ ಸಸಿಗಳು ಆಗಲೇ ಮೊಣಕಾಲೆತ್ತರ ಬಂದಿದ್ದವು. ಒಂದನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಅಂಗೈಗೆ ಬರೀ ಸಿಪ್ಪೆ ಬಂತು. ಉಸಿರು ಸುಧಾರಿಸಿಕೊಂಡು ಇನ್ನೊಮ್ಮೆ ಎಳೆದಳು, ಸಸಿ ಅಲುಗಲಿಲ್ಲ.

ಮನೆಗೆ ಬಂದವಳು ಕೈ ಕೂಡ ತೊಳೆಯದೆ ಪೆನ್ನು ಹುಡುಕಿದಳು. ಒಪ್ಪಿಗೆ ಪತ್ರದ ಆ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದಳು: 'ಇದು ಮುಟ್ಟಿ ಮುಟ್ಟಿಯೇ ಉಳಿದ ಜಾಗ. ಪ್ರತಿ ಮೇ ತಿಂಗಳು ಬಾಚಬೇಕು. ಬಾಚುವವರನ್ನು ಕಳಿಸುವುದಾದರೆ ತೆಗೆದುಕೊಳ್ಳಿ.' ಸಹಿ ಹಾಕಿದಳು.

ದೋಣಿಕಟ್ಟೆಯಲ್ಲಿ ರೂನಾರ್ ಲಕೋಟೆ ತೂಗಿ ನೋಡಿದ. "ಹಂಗೇ ಸಹಿ ಹಾಕಿದ್ರಿ ತಾನೆ?"

"ಒಂದು ಸಾಲು ಹೊಡೆದುಹಾಕಿದೀನಿ."

"ವಾಪಸ್ ಬರುತ್ತೆ ಅತ್ತಿಗೆ."

"ಬರ್ಲಿ. ಮತ್ತೆ ಹೊಡೆದುಹಾಕ್ತೀನಿ."

ಅವನು ಲಕೋಟೆಯನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ದೋಣಿಗೆ ಏರಿಸಿದ. ದೋಣಿ ಎದುರಿನ ಬಂಡೆಗಳ ಹಿಂದೆ ಮರೆಯಾಯಿತು. ತುಸು ಹೊತ್ತಿನ ಮೇಲೆ ಅದು ಎಬ್ಬಿಸಿದ ಅಲೆ ದಡಕ್ಕೆ ಬಂದು ಕಲ್ಲುಗಳನ್ನು ತೋಯಿಸಿತು. ಎರಡನೆಯ ಅಲೆಯೂ ಬರುತ್ತದೆಂದು ಆಲ್ಫ್‌ಹಿಲ್ಡ್ ನಿಂತೇ ಇದ್ದಳು.