ಹದಿನೇಳನೇ ಮಂಡಿ

ಶವದ ಕಾಲ ಬಳಿ ಐಸ್ ಪೆಟ್ಟಿಗೆ ಇಡುತ್ತಿದ್ದ ಅಪರಿಚಿತ ಹೆಂಗಸಿನ ಕೈಯನ್ನು ಟೈಲರಕ್ಕ ಗಪ್ಪನೆ ಹಿಡಿದಳು.

"ಯಾರು ನೀವು? ನಮ್ಮನೆಯವರ ಕಾಲ್ಹತ್ರ ನಿಮಗೇನು ಕೆಲಸ?"

"ಆರು ತಿಂಗಳಿಗೊಂದ್ಸಲ ನನ್ಹತ್ರ ಬರ್ತಿದ್ರಮ್ಮ," ಹೆಂಗಸು ಮೂಗೊರೆಸಿಕೊಂಡಳು. "ಹದಿನೆಂಟು ವರ್ಷ. ಒಂದ್ಸಲಾನೂ ತಪ್ಪಿಸಲಿಲ್ಲ."

ಹಾಲ್‌ನಲ್ಲಿದ್ದ ಇಪ್ಪತ್ತು ಕುರ್ಚಿಗಳೂ ಒಟ್ಟಿಗೆ ಕಿರ್ರೆಂದವು. ಅಳುತ್ತಿದ್ದವರು ಅಳು ನಿಲ್ಲಿಸಿದರು. ಇಂಥದ್ದು ದಿನಾ ಸಿಗುವುದಿಲ್ಲ.

ಸತ್ತವನನ್ನು ಎಲ್ಲರೂ ಲಿಫ್ಟಣ್ಣ ಎನ್ನುತ್ತಿದ್ದರು. ಹನ್ನೊಂದು ಮಹಡಿಯ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಸ್ಟೂಲಿನ ಮೇಲೆ ಕೂತೇ ದಿನಕ್ಕೆ ಮುನ್ನೂರು ಸಲ ಮೇಲೆ ಹೋಗಿಬಂದವನು. ಇವತ್ತು ಬೆಳಿಗ್ಗೆ ಮೇಲೆ ಹೋದವನು ಮಾತ್ರ ಇಳಿದಿರಲಿಲ್ಲ. ಆರು ತಿಂಗಳಿಗೊಮ್ಮೆ ಗರಿಗರಿ ಅಂಗಿ ತೊಟ್ಟು ಯೂನಿಯನ್ ಮೀಟಿಂಗಿಗೆ ಹೋಗುತ್ತಿದ್ದ.

"ಯೂನಿಯನ್ನು!" ಎಂದಳು ಟೈಲರಕ್ಕ. "ಆ ಅಂಗಿಗೆ ಇಸ್ತ್ರಿ ಹಾಕ್ತಿದ್ದೋಳು ನಾನು!"

"ಅಯ್ಯೋ ಅಮ್ಮಾ, ನಾನು ಮಂಡಿ ಡಾಕ್ಟರು. ನಮ್ಮ ಸಂಶೋಧನೇಲಿ ಇವರ ಬಲಮಂಡಿ ನಂಬರ್ ಹದಿನೇಳು. ಗಟ್ಟಿ ಮಂಡಿಯೋರು ಬೇಕು ಅಂತ ಬೋರ್ಡ್ ಹಾಕಿದ್ವಿ. 'ನಂದು ಕಬ್ಬಿಣ' ಅಂತ ಬಂದ್ರು. ಪ್ರತಿ ಸಲ ಸೂಜಿ ಹಾಕಿ ಕೀಲಿನ ನೀರು ತೆಗೀತಿದ್ವಿ. ನಾಲ್ಕನೇ ವರ್ಷ ಸವೆತ ಶುರುವಾಯ್ತು! ಸವೆತಾನ ಮೊದಲ ದಿನದಿಂದ ಅಳೆದು ಬರೆದಿಟ್ಟಿರೋ ಮಂಡಿ ನಮ್ಮಲ್ಲಿ ಇದೊಂದೇ!"

"ಇವರಿಗೆ ಮಂಡಿ ನೋವಾ? ನಾನು ಮಂಡಿ ಹಿಡ್ಕೊಂಡು 'ಅಮ್ಮಾ' ಅಂದ್ರೆ ತುಕ್ಕು ಹಿಡಿದ ಬಾಗಿಲು ಅಂತ ನಗ್ತಿದ್ರು."

"ಅದಕ್ಕೇ ಮನೇಲಿ ಹೇಳ್ಬೇಡಿ ಅಂತ ನನ್ನ ಕೈ ಹಿಡ್ಕೊಂಡು ಕೇಳಿದ್ರು."

"ಕೈ ಬೇರೆ ಹಿಡ್ಕೊಂಡ್ರಾ!" ಎಂದ ಮೈದುನ, ಕುರ್ಚಿ ಹತ್ತಿರ ಎಳೆದುಕೊಂಡು.

ಸತ್ತ ಮೇಲೆ ಮಂಡಿ ಕೊಡುತ್ತೇನೆಂದು ಲಿಫ್ಟಣ್ಣ ಬರೆದುಕೊಟ್ಟಿದ್ದ. ಹೆಂಡತಿಯ ಸಹಿಯೂ ಬೇಕಿತ್ತು. ಒಳಗಿನ ಜೀವಕೋಶಗಳು ಇನ್ನೂ ಬದುಕಿದ್ದವು, ತಡವಾದಷ್ಟೂ ಸಾಯುತ್ತಿದ್ದವು.

"ಹದಿನೆಂಟು ವರ್ಷ ನಂಗೆ ಸುಳ್ಳು ಹೇಳ್ಕೊಂಡು ನಡೆದ ಕಾಲು," ಎಂದಳು ಟೈಲರಕ್ಕ. "ಯಾಕೆ ಕೊಡ್ಲಿ?"

ಡಾಕ್ಟರಮ್ಮ ಚೀಲದಿಂದ ಉದ್ದನೆಯ ಕಾಗದ ತೆಗೆದು ಹೊಲಿಗೆ ಮೇಜಿನ ಮೇಲೆ ಹಾಸಿದಳು. ಅದರ ಮೇಲೊಂದು ಗೆರೆ ಏರುತ್ತಾ ಇಳಿಯುತ್ತಾ ಓಡಿತ್ತು.

"ಮೂಳೆ ತುದೀಲಿ ಒಂದು ಮೆತ್ತೆ ಇರುತ್ತಮ್ಮ, ನೂಲಿನ ಬಲೆ ಥರ. ಒಳಗೆ ನೀರು ಹಿಡಿದಿಡೋ ವಸ್ತು. ಅದನ್ನ ನೇಯ್ದ ಜೀವಕೋಶಗಳೇ ಕಾಯಿಲೆ ಬಂದಾಗ ಕತ್ತರಿಯಂಥ ಕಿಣ್ವ ಬಿಟ್ಟು ಅದನ್ನ ಕತ್ತರಿಸ್ತವೆ. ಚೂರುಗಳು ಕೀಲಿನ ನೀರಿಗೆ ಬೀಳ್ತವೆ. ಅವನ್ನೇ ನಾವು ಅಳೆಯೋದು. ಚೂರು ಹೆಚ್ಚಾದ್ರೆ ಗೆರೆ ಏರುತ್ತೆ."

"ಹೊಲಿದ ದರ್ಜೀನೇ ಕೂತು ಬಟ್ಟೆ ಹರೀತಾನೆ ಅನ್ನಿ." ಟೈಲರಕ್ಕ ಕನ್ನಡಕ ಹಾಕಿಕೊಂಡಳು. "ಈ ಗುಡ್ಡ ಏನು?"

"ಐದನೇ ವರ್ಷ. ಕಾರಣ ಗೊತ್ತಿಲ್ಲ."

"ಇವಳ ಸೈಕಲ್ಲು!" ಟೈಲರಕ್ಕ ಮಗಳ ಕಡೆ ಬೆರಳು ತೋರಿಸಿದಳು. "ಒಂದು ಬೇಸಿಗೆ ಪೂರ್ತಿ ಹಿಂದೆ ಓಡಿದ್ರು."

"ಅಪ್ಪ ಕೈ ಬಿಟ್ಟಮೇಲೂ ಓಡ್ತಿದ್ರು," ಎಂದಳು ಮಗಳು.

ಡಾಕ್ಟರಮ್ಮನ ಪೆನ್ನು ಓಡತೊಡಗಿತು. "ಏಳನೇ ವರ್ಷ?"

"ಬೀರು. ಮೂರನೇ ಮಹಡಿಗೆ."

"ನಾವಿಬ್ರೂ ಹೊತ್ವಿ ಅತ್ತಿಗೆ!" ಎಂದ ಮೈದುನ.

"ನೀನು ಬೀಗದಕೈ ಹೊತ್ತಿದ್ದೆ."

ಇಷ್ಟರಲ್ಲಿ ಮೇಜಿನ ಸುತ್ತ ನೂಕುನುಗ್ಗಲು. ಶವದ ಬಳಿ ಒಬ್ಬರೂ ಇರಲಿಲ್ಲ. ಸ್ಮಶಾನಕ್ಕೆಂದು ಕೆಳಗೆ ಕಾಯುತ್ತಿದ್ದ ವ್ಯಾನಿನ ಡ್ರೈವರ್ ಕೂಡ ಮೇಲೆ ಬಂದು, ಎಲ್ಲರ ಹೆಗಲಾಚೆ ಕತ್ತು ಚಾಚಿ, "ಅದೇನ್ರೀ ಆ ದೊಡ್ಡದು?" ಎಂದ.

"ಹನ್ನೆರಡನೇ ವರ್ಷ," ಎಂದಳು ಡಾಕ್ಟರಮ್ಮ. "ಬಿದ್ದಿಲ್ಲ, ಏಟಾಗಿಲ್ಲ, ಕೂತು ಮಾಡೋ ಕೆಲಸ. ಕೇಳಿದ್ರೆ ಲಿಫ್ಟ್ ಕೆಟ್ಟಿತ್ತು ಅಂದ್ರು. ನಮಗದು ಒಗಟು."

ಟೈಲರಕ್ಕನ ಬೆರಳು ಆ ತುದಿಯ ಮೇಲೆ ನಿಂತಿತು.

* * *

ಆ ವರ್ಷ ಅವಳಿದ್ದದ್ದು ಆಸ್ಪತ್ರೆಯ ಒಂಬತ್ತನೇ ಮಹಡಿಯಲ್ಲಿ. ಹೊಟ್ಟೆಯ ಆಪರೇಷನ್, ಇಪ್ಪತ್ತಾರು ದಿನ. ಲಿಫ್ಟಣ್ಣ ದಿನಕ್ಕೆ ಮೂರು ಸಲ ಮೆಟ್ಟಿಲು ಹತ್ತಿ ಬರುತ್ತಿದ್ದ, ಮೂರು ಸಲವೂ ನೀರಲ್ಲಿ ಅದ್ದಿ ತೆಗೆದಂತೆ ಬೆವರಿರುತ್ತಿದ್ದ.

"ಲಿಫ್ಟ್ ಇದೆಯಲ್ರೀ!"

"ಅದೊಂದು ಲಿಫ್ಟಾ? ಬಾಗಿಲು ಮುಚ್ಚೋ ಸದ್ದು ಕೇಳಿದ್ಯಾ?"

"ಬೇರೆಯೋರು ಓಡಿಸಿದ್ರೆ ನಿಮ್ಮ ಮರ್ಯಾದೆ ಹೋಗುತ್ತಾ?"

ಅವನು ಮಂಚದ ಕಂಬಿ ಹಿಡಿದು ಉಸಿರು ತೆಗೆದುಕೊಂಡ. "ಮಧ್ಯದಲ್ಲಿ ನಿಂತ್ರೆ ಬಾಗಿಲು ತೆಗೆಯೋಕೆ ಎಷ್ಟು ಹೊತ್ತಾಗುತ್ತೆ ಅಂತ ನಂಗೆ ಗೊತ್ತು ಕಣೇ. ಅಷ್ಟರಲ್ಲಿ ನಿಂಗೇನಾದ್ರೂ ಆದ್ರೆ?"

ಅವಳು ಹೊಲಿಗೆಗಳ ಮೇಲೆ ಕೈಯಿಟ್ಟುಕೊಂಡು ಅವನನ್ನು ಬಾಯಿಗೆ ಬಂದಂತೆ ಬೈದಿದ್ದಳು.

* * *

"ಅಮ್ಮಾ, ಹೊತ್ತಾಗ್ತಿದೆ," ಎಂದಳು ಡಾಕ್ಟರಮ್ಮ ಮೆಲ್ಲಗೆ.

"ಎಲ್ಲಿ ಸಹಿ?"

ಟೈಲರಕ್ಕ ಸಹಿ ಹಾಕಿದಳು. ಆದರೆ ಪೆನ್ನು ವಾಪಸ್ ಕೊಡಲಿಲ್ಲ. ಉದ್ದನೆಯ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು, ಐದನೇ ವರ್ಷದ ಮೇಲೆ 'ಸೈಕಲ್' ಎಂದು ಬರೆದಳು. ಏಳನೆಯದರ ಮೇಲೆ 'ಬೀರು'. ಆಮೇಲೆ ಬಗ್ಗಿ, ಎಲ್ಲಕ್ಕಿಂತ ಎತ್ತರದ ತುದಿಯ ಮೇಲೆ ಎರಡೇ ಅಕ್ಷರ ಬರೆದಳು:

ನಾನು.